ನೆರೆ ಇಳಿದ ಮೇಲಿನ ದಾಸೋಹ

ನೆರೆಯಲ್ಲಿ ನೊಂದವನಿಗೆ ಒಂದು ಹೊತ್ತು ಅನ್ನವಿಕ್ಕಿದೊಡನೆ ನಮ್ಮ ಧರ್ಮವು ಮುಗಿಯಿತೆ? ಸದ್ಭಕ್ತರು ವಿಚಾರಿಸತಕ್ಕ ಪ್ರಶ್ನೆಯಿದು.

೨೦೧೯ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಹರಿದು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅನೇಕ ಗ್ರಾಮಗಳು ಜಲಾವೃತವಾದವು. ಕೃಷ್ಣೆ ಮಲಪ್ರಭೆಗಳು ಕೂಡುವೆಡೆಯೇ ಅಣ್ಣನವರ ಐಕ್ಯಕ್ಷೇತ್ರವಾದ ಕೂಡಲಸಂಗಮ. ಆ ಸೀಮೆಯ ದುಃಖವು ನಮಗೆ ದೂರದ್ದಲ್ಲ. ಇಂತಹ ವಾರ್ತೆಯನ್ನು ಕೇಳಿದಾಗ ಜಯನಗರ, ಬನಶಂಕರಿಗಳ ಗೃಹಸ್ಥರಾದ ನಮಗೆ ಅಕ್ಕಿ, ಅರಿವೆಗಳು ನೆನಪಾಗುವುವು; ಮೂಕಪ್ರಾಣಿಯ ಮೇವು ನೆನಪಾಗುವುದು ವಿರಳ. ನೀರಿನಲ್ಲಿ ತೊಯ್ದ ಬಣವೆಯು ಬೂಷ್ಟು ಹಿಡಿದು ವಿಷಪ್ರಾಯವಾಗುವುದು. ಕೆಸರಿನಲ್ಲಿ ನಿಂತ ದನಗಳ ಗೊರಸು ಕೊಳೆಯುವುದು. ಗಳಲೆ ರೋಗವು ಹರಡುವುದು. ಆಗ ರೈತನು ಎತ್ತುಗಳನ್ನು ಸಿಕ್ಕಿದ ಬೆಲೆಗೆ ಮಾರುವನು. ಎತ್ತು ಹೋದ ಮೇಲೆ ಹಿಂಗಾರಿನ ಬಿತ್ತನೆಯೆಲ್ಲಿ? ಕಾಯಕವೆಲ್ಲಿ?

ದಾನಿಯು ತಾನು ಕೊಟ್ಟ ದಿನವನ್ನು ನೆನೆಯುವನು. ದಾಸೋಹಿಯಾದರೋ ಪಡೆದವನು ಕಾಯಕಕ್ಕೆ ಮರಳುವ ದಿನವನ್ನು ಕಾಯುವನು. ಪರರ ಹಂಗಿನಲ್ಲಿ ಉಣ್ಣುವುದು ಕಾಯಕಜೀವಿಗೆ ಹಸಿವಿಗಿಂತಲೂ ಕಠಿನವಾದುದು. ಆದುದರಿಂದ ಒಣಮೇವು, ದನಗಳಿಗೆ ಲಸಿಕೆ, ಬಿತ್ತನೆಯ ಬೀಜ, ಇವು ನೆರೆ ಇಳಿದು ಪತ್ರಿಕೆಗಳು ಮೌನವಾದ ಮೇಲೂ ಸಲ್ಲತಕ್ಕವು. ರೈತನು ತನ್ನ ಬೆಳೆಯಿಂದ ತಾನೇ ಜಂಗಮಕ್ಕೆ ನೀಡುವಂತಾದಾಗಲೇ ನಮ್ಮ ದಾಸೋಹವು ಪೂರ್ಣವಾದಂತೆ.