ಹೆತ್ತವರ ಪ್ರೀತಿಯ ಪರೀಕ್ಷೆ

ಪ್ರಿಯರೇ, ಹೆತ್ತವರ ಪ್ರೀತಿಯಲ್ಲಿ ಸ್ವಾರ್ಥದ ಲೇಶವೂ ಇಲ್ಲವೆಂದು ಹೇಳುವ ವಾಡಿಕೆಯುಂಟು. ಇದು ನಿಜವೋ ಎಂದು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ.

ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಜೆಬೆದಾಯನ ಹೆಂಡತಿಯು ಕರ್ತನಿಗೆ ಅಡ್ಡಬಿದ್ದು, ಆತನ ರಾಜ್ಯದಲ್ಲಿ ತನ್ನಿಬ್ಬರು ಮಕ್ಕಳಿಗೆ ಎಡಬಲಗಳ ಆಸನಗಳನ್ನು ಬೇಡಿದಳು. ಮಕ್ಕಳು ಮೇಲೇರಿದರೆ ತಾಯಿಗೂ ಮಾನ ಬರುವುದಲ್ಲವೇ?

ನಮ್ಮ ಸೋಗಾನೆಯಲ್ಲಿ 2023ನೇ ಇಸವಿಯ ಫೆಬ್ರವರಿ 27ರಂದು ವಿಮಾನ ನಿಲ್ದಾಣವು ತೆರೆಯಿತು. ಅಲ್ಲಿ ಮಗನನ್ನು ಕಳುಹಿಸಿ ಅಳುವ ತಂದೆಯು ಮಗನ ಅಗಲಿಕೆಗಾಗಿ ಅಳುವನೋ, ಮುಪ್ಪಿನಲ್ಲಿ ತನಗೆ ಆಸರೆ ಯಾರೆಂದು ಅಳುವನೋ? ಎರಡಕ್ಕೂ ಅಳುವನು, ಇದರಲ್ಲಿ ಪಾಪವಿಲ್ಲ. ಆದರೆ "ನನಗೇನೂ ಬೇಡ" ಎಂದು ಇಂದು ಹೇಳಿ, "ನಿನಗಾಗಿ ಸವೆದೆನಲ್ಲಾ" ಎಂದು ನಾಳೆ ಹಂಗಿಸುವುದು ಕಪಟವು.

ಸರಕಾರದ ಕಾನೂನು ಈ ವಿಷಯದಲ್ಲಿ ನೇರವಾಗಿದೆ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನ ಪ್ರಕಾರ, ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನಿಂದ ಆಸ್ತಿಯನ್ನು ದಾನವಾಗಿ ಬರೆದುಕೊಟ್ಟ ಹಿರಿಯನು, ಪಡೆದವರು ಅದನ್ನು ನಡಿಸದಿದ್ದರೆ ಆ ದಾನವನ್ನು ರದ್ದುಮಾಡಿಸಬಹುದು.

ಹೆತ್ತವರೇ, ನೀವೂ ಮನಸ್ಸಿನಲ್ಲಿರುವುದನ್ನು ಮುಚ್ಚಿಡದೆ ಬಾಯಿಬಿಟ್ಟು ಕೇಳಿರಿ. ಮಕ್ಕಳೇ, ಅವರ ಪ್ರೀತಿಯಲ್ಲಿ ಆಸೆ ಬೆರೆತಿದೆಯೆಂದು ಅದನ್ನು ಹಗುರಮಾಡಬೇಡಿರಿ. ಹೊಟ್ಟಿದೆಯೆಂದು ಭತ್ತವನ್ನು ಚೆಲ್ಲುವವರುಂಟೇ?

ಆ ತಾಯಿಯನ್ನೇ ಮತ್ತೆ ನೋಡಿರಿ. 27ನೇ ಅಧ್ಯಾಯದಲ್ಲಿ ಆಕೆಯು ಶಿಲುಬೆಯ ಕಡೆಗೆ ದೂರದಿಂದ ನೋಡುತ್ತಾ ನಿಂತಿದ್ದಾಳೆ. ಕರ್ತನ ಎಡಬಲಗಳಲ್ಲಿ ಇಬ್ಬರು ಕಳ್ಳರಿದ್ದಾರೆ. ತಾನು ಬೇಡಿದ ಸ್ಥಾನವು ಎಂಥದೆಂದು ಆಗ ತಿಳಿದುಕೊಂಡಿದ್ದಾಳು, ಆದರೂ ಬಿಟ್ಟುಹೋಗಲಿಲ್ಲ. ದೇವರು ನಮ್ಮ ಪ್ರೀತಿಯನ್ನೂ ಹಾಗೆಯೇ ಶುದ್ಧಮಾಡಲಿ. ಆಮೆನ್.