ಮುಟ್ಟಿದರೆ ಮುನಿಗೆ ಮುನಿಸು ಬರುವುದು ನಿಜವೇ?

ಮೇಗುಂದದ ಕಡೆ, ಅಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ, ಮುಟ್ಟಿದರೆ ಮುನಿಯನ್ನು ಯಾರೂ ಬಿತ್ತುವುದಿಲ್ಲ. ಗದ್ದೆಯಂಚು, ಅಡಿಕೆ ತೋಟದ ಬದಿ, ಶಾಲೆ ಮೈದಾನದ ಮೂಲೆ, ದನ ಮೇಯುವ ಬ್ಯಾಣ, ಹೀಗೆ ಬಿಸಿಲು ಬೀಳುವ ಕಡೆಯೆಲ್ಲ ಅದು ತಾನಾಗಿಯೇ ನೆಲಕ್ಕೆ ಹಾಸಿಕೊಂಡು ಹಬ್ಬುತ್ತದೆ. ಬರಿಗೈಯಲ್ಲಿ ಕಳೆ ಕೀಳಲು ಕೂತವರಿಗೆ ಎಲೆಯ ನಾಚಿಕೆಗಿಂತ ಮೊದಲು ಪರಿಚಯವಾಗುವುದು ಕಾಂಡದ ಕೊಕ್ಕೆ ಮುಳ್ಳು.

ಒಂದು ಹೆಣೆಯನ್ನು ಎತ್ತಿ ನೋಡಬೇಕು. ಉದ್ದ ತೊಟ್ಟಿನ ತುದಿಗೆ ಸಾಮಾನ್ಯವಾಗಿ ನಾಲ್ಕು ಕವಲು, ಪ್ರತಿ ಕವಲಿನ ಎರಡೂ ಬದಿಗೆ ಹತ್ತರಿಂದ ಇಪ್ಪತ್ತಕ್ಕೂ ಹೆಚ್ಚು ಜೊತೆ ಕಿರುಎಲೆ. ಎಲೆಯ ಕಂಕುಳಿನಿಂದ ಹೊರಟ ಗುಲಾಬಿ ಬಣ್ಣದ ಚೆಂಡನ್ನು ಎಲ್ಲರೂ ಹೂವೆನ್ನುತ್ತಾರೆ. ಅದು ಹತ್ತಾರು ಪುಟ್ಟ ಹೂಗಳ ಗೊಂಚಲು. ದಳಗಳು ಕಣ್ಣಿಗೆ ಬೀಳದಷ್ಟು ಚಿಕ್ಕವು. ಒಂದೊಂದು ಹೂವಿನಿಂದ ನಾಲ್ಕರಂತೆ ಹೊರಚಾಚಿದ ಕೇಸರಗಳೇ ಬಣ್ಣವಾಗಿ ಕಾಣುತ್ತವೆ. ಒಂದೆರಡು ಸೆಂಟಿಮೀಟರಿನ ಕಾಯಿಗೆ ಅಂಚಿನುದ್ದಕ್ಕೂ ಬಿರುಸು ಕೂದಲು. ಬಲಿತ ಮೇಲೆ ಗಣ್ಣುಗಣ್ಣಾಗಿ ಮುರಿದು ದನದ ಮೈಗೋ ಪಂಚೆಯ ಅಂಚಿಗೋ ಅಂಟಿಕೊಂಡು ಮುಂದಿನ ಊರು ಸೇರುತ್ತದೆ.

ಮುನಿಸಿನ ಯಂತ್ರ ಇರುವುದು ಕಿರುಎಲೆಗಳ ಬುಡದಲ್ಲಿ, ತೊಟ್ಟಿನ ಬುಡದಲ್ಲಿ. ಅಲ್ಲೊಂದು ಉಬ್ಬು ಇದೆ. ಮುಟ್ಟಿದೊಡನೆ ವಿದ್ಯುತ್ ಸಂಕೇತ ಹರಿದು, ಉಬ್ಬಿನ ಒಂದು ಬದಿಯ ಜೀವಕೋಶಗಳಿಂದ ಪೊಟ್ಯಾಸಿಯಂ, ಕ್ಲೋರೈಡ್ ಹೊರಬೀಳುತ್ತವೆ. ಅವುಗಳ ಬೆನ್ನಿಗೇ ನೀರೂ ಹೊರಡುತ್ತದೆ. ಆ ಬದಿ ಸೊರಗುತ್ತದೆ, ಎದುರು ಬದಿ ಬಿಗಿಯಾಗೇ ಇರುತ್ತದೆ, ಎಲೆ ಮಡಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಿಚ್ಚುತ್ತದೆ. ಯಾರೂ ಮುಟ್ಟದಿದ್ದರೂ ಕತ್ತಲಾದರೆ ಮುಚ್ಚುತ್ತದೆ. ನರವಿಲ್ಲ, ಸ್ನಾಯುವಿಲ್ಲ, ಮಿದುಳಿನ ಮಾತೇ ಇಲ್ಲ.

ಹಾಗಾದರೆ ಅದಕ್ಕೆ ಏನಾದರೂ ಗೊತ್ತಾಗುತ್ತದೆಯೇ? ಗಿಡಕ್ಕೆ ಅರಿವುಂಟೇ ಎಂಬುದು ಭಾರತದ ದರ್ಶನಗಳು ಗಂಭೀರವಾಗಿ ಜಗಳಾಡಿದ ಪ್ರಶ್ನೆ. ಉಂಟು ಎಂದ ಎರಡು ಪರಂಪರೆಗಳೂ ಇದೇ ಸೀಮೆಯಲ್ಲಿ ನೆಲೆಯಾಗಿವೆ: ತುಂಗೆಯ ದಡದ ಶೃಂಗೇರಿಯಲ್ಲಿ ಅದ್ವೈತದ ಶಾರದಾ ಪೀಠ, ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿ ಮತ್ತು ಜೈನ ಮಠ.

ಶಂಕರರ ಮಾತು ಛಾಂದೋಗ್ಯೋಪನಿಷತ್ತಿನ ಭಾಷ್ಯದಲ್ಲಿ ಬರುತ್ತದೆ. ಆರನೇ ಅಧ್ಯಾಯದಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ದೊಡ್ಡ ಮರವೊಂದನ್ನು ತೋರಿಸುತ್ತಾನೆ. ಬುಡಕ್ಕೆ ಕಡಿ, ನಡುವಿಗೆ ಕಡಿ, ತುದಿಗೆ ಕಡಿ, ಜೀವ ಇರುವವರೆಗೆ ರಸ ಸುರಿಯುತ್ತದೆ. ಜೀವ ಬಿಟ್ಟ ಕೊಂಬೆ ಒಣಗುತ್ತದೆ ಎನ್ನುತ್ತಾನೆ. ಇದನ್ನು ಹಿಡಿದು ಶಂಕರರು, ಸ್ಥಾವರಗಳಿಗೂ ಚೇತನವಿದೆ, ಇಲ್ಲವೆನ್ನುವ ಬೌದ್ಧರ ಮತ್ತು ವೈಶೇಷಿಕ ದರ್ಶನದ ಕಣಾದರ ಮತದಲ್ಲಿ ಸಾರವಿಲ್ಲ ಎಂದು ತೀರ್ಮಾನಿಸುತ್ತಾರೆ. ಅವರು ಸಾಕ್ಷಿಗೆ ಕರೆದದ್ದು ರಸ ಒಸರುವುದನ್ನು, ಒಣಗುವುದನ್ನು. ಎಲೆ ಮಡಚುವ ಗಿಡ ಅವರಿಗೆ ಬೇಕಾಗಲಿಲ್ಲ.

ಜೈನರಿಗೆ ಗಿಡ ಏಕೇಂದ್ರಿಯ ಜೀವಿ. ಕಣ್ಣು, ಕಿವಿ, ಮೂಗು, ನಾಲಗೆ ಇಲ್ಲ. ಇರುವ ಒಂದೇ ಇಂದ್ರಿಯ ಸ್ಪರ್ಶ. ದಿಗಂಬರರೂ ಶ್ವೇತಾಂಬರರೂ ಒಪ್ಪುವ ತತ್ತ್ವಾರ್ಥಸೂತ್ರ ಹೇಳುವುದೂ ಇದನ್ನೇ. ಈ ಸಿದ್ಧಾಂತಕ್ಕೆ ಮುಟ್ಟಿದರೆ ಮುಚ್ಚುವ ಗಿಡಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕೀತೇ? 1400ರ ಆಸುಪಾಸಿನ ಗುಣರತ್ನನೆಂಬ ಶ್ವೇತಾಂಬರ ಪಂಡಿತ ‘ಷಡ್ದರ್ಶನಸಮುಚ್ಚಯ’ಕ್ಕೆ ಬರೆದ ಟೀಕೆಯಲ್ಲಿ ಆ ಸಾಕ್ಷಿಯನ್ನು ಕರೆದೇಬಿಟ್ಟ. ಲಜ್ಜಾಲು ಮೊದಲಾದವು ಕೈ ತಾಗಿದರೆ ಎಲೆ ಮುದುರುತ್ತವೆ, ಆದ್ದರಿಂದ ಸಸ್ಯಕ್ಕೆ ಚೇತನವಿದೆ ಎಂದ.

ಇಲ್ಲೊಂದು ತೊಡಕಿದೆ. ಗದ್ದೆಯಂಚಿನ ಮುಟ್ಟಿದರೆ ಮುನಿ ಅಮೆರಿಕದ ಉಷ್ಣವಲಯದ್ದು. ಕೊಲಂಬಸ್ ಹಡಗು ಹತ್ತಿದ್ದು 1492ರಲ್ಲಿ. ಗುಣರತ್ನ ಈ ಗಿಡವನ್ನು ನೋಡಿರಲು ಸಾಧ್ಯವೇ ಇಲ್ಲ. ಅವನು ಕಂಡದ್ದು ಬಹುಶಃ ಈ ನೆಲದ್ದೇ ಆದ ಇನ್ನೊಂದು ಮೂಲಿಕೆ, ಸಸ್ಯಶಾಸ್ತ್ರದ ‘ಬಯೋಫೈಟಮ್ ಸೆನ್ಸಿಟಿವಮ್’. ಕೇರಳದಲ್ಲಿ ಮುಕ್ಕುಟ್ಟಿ ಎಂದು ದಶಪುಷ್ಪಗಳಲ್ಲಿ ಸೇರಿಸಿ ಗೌರವಿಸುತ್ತಾರೆ. ಒಂದೇ ಕಾಂಡ, ತುದಿಯಲ್ಲಿ ಎಲೆಗಳ ಸುತ್ತು, ನಡುವೆ ಐದು ದಳದ ಹಳದಿ ಹೂ. ಗೇಣುದ್ದ ಬೆಳೆದ ತೆಂಗಿನ ಮರದಂತೆ ಕಾಣುತ್ತದೆ. ಮುಟ್ಟಿದರೆ ಇದೂ ಎಲೆ ಮಡಚುತ್ತದೆ, ಆದರೆ ಆತುರವಿಲ್ಲದೆ. ಪಶ್ಚಿಮಘಟ್ಟದ ತೇವದ ನೆರಳಲ್ಲಿ ಇಂದಿಗೂ ಇದೆ. ಸಮುದ್ರ ದಾಟಿ ಬಂದದ್ದು ಹೆಸರು, ಬಿಸಿಲು ಎರಡನ್ನೂ ಆಕ್ರಮಿಸಿಕೊಂಡ ಮೇಲೆ ಹಳೆಯ ಸಾಕ್ಷಿಯನ್ನು ಕೇಳುವವರಿಲ್ಲ.

ಬೌದ್ಧರ ಆಕ್ಷೇಪ ಹಗುರವಾದದ್ದಲ್ಲ. ತೊಗಟೆಯನ್ನೆಲ್ಲ ಸುಲಿದರೆ ಮರ ಸಾಯುತ್ತದೆ, ಆದ್ದರಿಂದ ಅದಕ್ಕೆ ಚೇತನವಿದೆ ಎಂಬ ವಾದವನ್ನು ಧರ್ಮಕೀರ್ತಿ ‘ನ್ಯಾಯಬಿಂದು’ವಿನಲ್ಲಿ ದೋಷವುಳ್ಳ ಹೇತುವಿಗೆ ಮಾದರಿಯಾಗಿ ಕೊಡುತ್ತಾನೆ. ಸಾವು ಎಂದರೆ ಅರಿವು, ಇಂದ್ರಿಯ, ಆಯುಸ್ಸು ನಿಲ್ಲುವುದು. ಮರಕ್ಕೆ ಅವು ಇದ್ದವೆಂದು ಮೊದಲೇ ಒಪ್ಪಿಕೊಂಡರೆ ಮಾತ್ರ ಅದು ಸತ್ತಿತೆನ್ನಬಹುದು. ಅವನ ವ್ಯಾಖ್ಯಾನಕಾರ ಧರ್ಮೋತ್ತರ ‘ಮರಗಳು ನಿದ್ರಿಸುತ್ತವೆ’ ಎಂಬ ಹೇತುವನ್ನೂ ಬಿಡಲಿಲ್ಲ: ರಾತ್ರಿ ಎಲೆ ಮುಚ್ಚುವುದು ಕೆಲವು ಮರ ಮಾತ್ರ, ಎಲ್ಲವೂ ಅಲ್ಲ. ಎಂಟನೇ ಶತಮಾನದ ತಾರ್ಕಿಕನೊಬ್ಬ ಎಲೆಗಳನ್ನು ಇಷ್ಟು ಗಮನವಿಟ್ಟು ನೋಡಿದ್ದನೆಂಬುದೇ ಖುಷಿಯ ಸಂಗತಿ.

ಪ್ರಯೋಗಾಲಯಕ್ಕೆ ಹೋದ ಮೇಲೂ ಜಗಳ ಮುಗಿದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಈಥರ್ ಆವಿ ಹಿಡಿದಾಗ ಗಿಡ ಮುಚ್ಚುವುದನ್ನು ನಿಲ್ಲಿಸಿತು. ಮನುಷ್ಯನನ್ನು ಮಲಗಿಸುವ ಮದ್ದೇ ಅದನ್ನೂ ಮಲಗಿಸಿತ್ತು. 2014ರಲ್ಲಿ ಮೋನಿಕಾ ಗಾಲ್ಯಾನೊ ಮತ್ತು ಸಂಗಡಿಗರು ಕುಂಡಗಳನ್ನು ಸುಮಾರು 15 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿದರು. ಅಪಾಯವಿಲ್ಲವೆಂದು ಕಂಡ ಮೇಲೆ ಗಿಡಗಳು ಎಲೆ ಮುಚ್ಚುವುದನ್ನು ಬಿಟ್ಟವು. 28 ದಿನ ಕಳೆದರೂ ಅವು ಅದನ್ನು ಮರೆತಿರಲಿಲ್ಲ. 2019ರಲ್ಲಿ ಲಿಂಕನ್ ಟೈಜ್ ಮತ್ತು ಸಹೋದ್ಯೋಗಿಗಳು, ಸಸ್ಯಕ್ಕೆ ಪ್ರಜ್ಞೆ ಇಲ್ಲ, ಬೇಕಾಗಿಯೂ ಇಲ್ಲ ಎಂದು ಬರೆದರು. 2022ರಲ್ಲಿ ಜಪಾನಿನ ವಿಜ್ಞಾನಿಗಳು ಜೀನ್ ತಿದ್ದಿ ಮಡಚಲಾರದ ಗಿಡ ಬೆಳೆಸಿ ಮಿಡತೆ ಬಿಟ್ಟರು. ಮಡಚುವ ಗಿಡಕ್ಕಿಂತ ಅದನ್ನು ಅವು ಹೆಚ್ಚು ತಿಂದವು. ಮುನಿಸು ಉಪಯೋಗಕ್ಕೆ ಬರುತ್ತದೆ ಎಂದಷ್ಟೇ ಇದರಿಂದ ಖಚಿತ. ಉಪಯೋಗಕ್ಕೆ ಬರುವುದೆಲ್ಲ ಅನುಭವವೂ ಆಗಬೇಕಿಲ್ಲ.

ಗುಣರತ್ನನ ಹೇತು ದುರ್ಬಲವಾಗುವುದು ಇಲ್ಲಿಯೇ. ಬೇಗ ಅಲುಗಾಡುವುದು ನಮ್ಮ ಕಣ್ಣಿಗೆ ಜೀವವುಳ್ಳದ್ದಾಗಿ ತೋರುತ್ತದೆ, ಏಕೆಂದರೆ ನಾವೂ ಹಾಗೆಯೇ ಅಲುಗಾಡುತ್ತೇವೆ. ಚಲನೆಯನ್ನೇ ಅಳತೆಗೋಲು ಮಾಡಿದರೆ ಪಕ್ಕದಲ್ಲಿ ಸುಮ್ಮನೆ ನಿಂತ ಅಡಿಕೆ ಮರಕ್ಕೆ ಅನ್ಯಾಯವಾದೀತು. ಶಂಕರರ ಆಯ್ಕೆ ಈ ದೃಷ್ಟಿಯಿಂದ ಮೇಲು. ರಸ ಎಲ್ಲ ಗಿಡದಲ್ಲೂ ಹರಿಯುತ್ತದೆ, ಮುಟ್ಟಿದರೆ ಮುನಿಗೆ ವಿಶೇಷ ಪದವಿ ಸಿಗುವುದಿಲ್ಲ. ಆದರೆ ರಸದಿಂದ ಜೀವ ಸಿದ್ಧವಾದೀತೇ ಹೊರತು ನೋವು ಸಿದ್ಧವಾಗದು ಎಂದು ಧರ್ಮಕೀರ್ತಿಯ ಕಡೆಯವರು ಅಲ್ಲೂ ತಡೆದಾರು.

ವಿಚಿತ್ರವೆಂದರೆ, ವಾದದಲ್ಲಿ ಇಷ್ಟು ದೂರ ನಿಂತವರೂ ಮಳೆಗಾಲದಲ್ಲಿ ನಡೆದುಕೊಂಡದ್ದು ಒಂದೇ ರೀತಿ. ಶೃಂಗೇರಿಯ ಗುರುಗಳು ಆಷಾಢ ಹುಣ್ಣಿಮೆಯ ವ್ಯಾಸಪೂಜೆಯಿಂದ ಚಾತುರ್ಮಾಸ್ಯಕ್ಕೆ ಕೂರುತ್ತಾರೆ. ಜೈನ ಮುನಿಗಳೂ ಮಳೆಗಾಲದ ತಿಂಗಳುಗಳಲ್ಲಿ ಊರೂರು ತಿರುಗುವುದಿಲ್ಲ. ನೆಲದಲ್ಲಿ ಹುಲ್ಲು, ಮೊಳಕೆ, ಹುಳು ತುಂಬಿರುತ್ತದೆ. ಬೌದ್ಧರ ವಿನಯಪಿಟಕವು ವರ್ಷಾವಾಸದ ನಿಯಮಕ್ಕೆ ಕಾರಣವನ್ನೇ ಹೇಳುತ್ತದೆ: ಭಿಕ್ಷುಗಳು ಹಸಿರು ಹುಲ್ಲು ತುಳಿದು ಏಕೇಂದ್ರಿಯ ಜೀವಿಗಳನ್ನು ಹಿಂಸಿಸುತ್ತಾರೆ ಎಂದು ಜನ ದೂರಿದರಂತೆ.

ತೋಟದವನಿಗೆ ಚಾತುರ್ಮಾಸ್ಯದ ಅನುಕೂಲವಿಲ್ಲ. ಆ ತಿಂಗಳುಗಳಲ್ಲೇ ಅವನಿಗೆ ನಟ್ಟಿ, ಕಳೆ, ಔಷಧಿ ಹೊಡೆಯುವುದು. ಜೈನ ಗೃಹಸ್ಥಧರ್ಮ ಅವನನ್ನು ಬಲ್ಲದು. ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವ ಉದ್ಯೋಗಿ ಹಿಂಸೆಯನ್ನು ಸಂಕಲ್ಪ ಮಾಡಿ ಕೊಲ್ಲುವುದರಿಂದ ಬೇರೆ ಇಡುತ್ತದೆ. ಆದರೆ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದನ್ನು ಅನರ್ಥದಂಡ ಎಂಬ ದೋಷಗಳ ಪಟ್ಟಿಗೆ ಹಾಕಿದೆ. ಅಡಿಕೆ ಹೆಕ್ಕಲು ಜಾಗ ಮಾಡಿಕೊಳ್ಳಲೆಂದು ಕಳೆ ಯಂತ್ರ ಹೊಡೆಸುವುದು ಉದ್ಯೋಗಿ ಹಿಂಸೆಗೆ ಸೇರುತ್ತದೆ. ಬೇಲಿಯಾಚೆ ಯಾರಿಗೂ ಅಡ್ಡವಿಲ್ಲದೆ ಹಬ್ಬಿದ ಹೆಣೆಯನ್ನು ಕತ್ತಿ ಕೈಯಲ್ಲಿದೆಯೆಂದು ಸವರಿಹಾಕಿದರೆ ಅದು ಅನರ್ಥದಂಡ.