ಕಣ್ಣಳತೆಯ ಜ್ಞಾನ

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ, ಬರ್ಗನ್ ನಗರಕ್ಕೆ ದಕ್ಷಿಣದಲ್ಲಿರುವ ಓಸ್ ಪ್ರದೇಶದ ಓಸೆಲ್ವರ್ ಎಂಬುದು ಅಗಲವಾದ ಪೈನ್ ಹಲಗೆಗಳ ಅಂಚನ್ನು ಒಂದರ ಮೇಲೊಂದು ಏರಿಸಿ ಜೋಡಿಸುವ ಹಗುರ ದೋಣಿಯಾಗಿದ್ದು, ಅದನ್ನು ಕಟ್ಟುವ ಪರಂಪರೆ ಕಾಗದದ ನಕ್ಷೆಯನ್ನು ನೆಚ್ಚಿಕೊಂಡಿಲ್ಲ. ತಳದ ನಡುಮರವನ್ನು ನಿಲ್ಲಿಸಿದ ಬಳಿಕ ಹೊರಮೈಯ ಹಲಗೆಗಳು ರೂಪುಗೊಳ್ಳುತ್ತವೆ. ಒಳಗಿನ ಅಡ್ಡಪಕ್ಕೆಗಳು ಬರುವುದು ಆಮೇಲೆ. ಹೀಗಾಗಿ ದೋಣಿಯ ಆಕಾರವು ಪ್ರತಿ ಹಲಗೆಯ ಓರೆಯನ್ನು ತೀರ್ಮಾನಿಸುವ ಬಡಗಿಯ ಕಣ್ಣನ್ನೇ ಅವಲಂಬಿಸಿರುತ್ತದೆ. 1997ರಲ್ಲಿ ಆರಂಭವಾದ ಅಲ್ಲಿನ ಕಾರ್ಯಾಗಾರವು ಕಲಿಯುವವರನ್ನು ಅನುಭವಿಯ ಪಕ್ಕದಲ್ಲಿ ನಿಲ್ಲಿಸಿ ಈ ವಿದ್ಯೆಯನ್ನು ದಾಟಿಸುತ್ತಿದ್ದು, ಈ ಕಲಿಕೆಯ ಕ್ರಮವನ್ನು ಯುನೆಸ್ಕೊ 2016ರಲ್ಲಿ ತನ್ನ ಉತ್ತಮ ಸಂರಕ್ಷಣಾ ಪದ್ಧತಿಗಳ ಪಟ್ಟಿಗೆ ಸೇರಿಸಿತು.

ಇಂಥ ಕಣ್ಣಳತೆಯನ್ನು ಜ್ಞಾನವೆಂದು ಒಪ್ಪುವುದಾದರೆ, ಅದು ಯಾವ ಪ್ರಮಾಣದಿಂದ, ಅಂದರೆ ಯಥಾರ್ಥ ಜ್ಞಾನದ ಯಾವ ಸಾಧನದಿಂದ, ದೊರೆಯುತ್ತದೆ? ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರ ‘ದ ಕಾನ್ಸೆಪ್ಟ್ ಆಫ್ ಮೈಂಡ್’ ಕೃತಿಯಲ್ಲಿ ಸಂಗತಿಯನ್ನು ತಿಳಿದಿರುವುದಕ್ಕೂ ಕೆಲಸವನ್ನು ಬಲ್ಲವನಾಗಿರುವುದಕ್ಕೂ ಭೇದ ಮಾಡಿ, ಪ್ರತಿ ಜಾಣ ಕ್ರಿಯೆಗೂ ಮೊದಲು ನಿಯಮದ ಆಲೋಚನೆ ಬೇಕೆಂದರೆ ಆ ಆಲೋಚನೆಗೂ ಇನ್ನೊಂದು ಆಲೋಚನೆ ಬೇಕಾಗಿ ಅನವಸ್ಥೆ, ಎಂದರೆ ಕೊನೆಯಿಲ್ಲದ ಸರಣಿ, ಒದಗುತ್ತದೆಂದು ತೋರಿಸಿದ. ವಾದ ಬಲವಾದದ್ದೇ, ಆದರೆ ಅದು ಬಡಗಿ ಏನು ಮಾಡಬಲ್ಲನೆಂಬುದನ್ನು ಕುರಿತು ಹೇಳುತ್ತದೆಯೇ ಹೊರತು ಅವನು ಏನನ್ನು ಕಾಣುತ್ತಾನೆಂಬುದನ್ನು ಕುರಿತಲ್ಲ.

ಆ ಕೊರತೆಯನ್ನು ತುಂಬಬಲ್ಲ ಚರ್ಚೆ ಭಾರತೀಯ ತರ್ಕಪರಂಪರೆಯಾದ ನವ್ಯನ್ಯಾಯದಲ್ಲಿದೆ. ದೂರದ ಶ್ರೀಗಂಧದ ಕೊರಡನ್ನು ನೋಡಿದಾಗ ಮೂಗಿಗೆ ವಾಸನೆ ತಾಕದಿದ್ದರೂ ಅದು ಪರಿಮಳವುಳ್ಳದ್ದಾಗಿಯೇ ಕಾಣುತ್ತದೆ. ಹಿಂದಿನ ಅನುಭವದ ಸಂಸ್ಕಾರದಿಂದ, ಅಂದರೆ ಅದು ಮನಸ್ಸಿನಲ್ಲಿ ಉಳಿಸಿದ ಅಚ್ಚಿನಿಂದ, ಮೂಡುವ ಜ್ಞಾನವೇ ಇಂದ್ರಿಯಕ್ಕೂ ವಿಷಯಕ್ಕೂ ಸಂಬಂಧ ಕಲ್ಪಿಸುವ ಈ ಬಗೆಯನ್ನು ನೈಯಾಯಿಕರು ಜ್ಞಾನಲಕ್ಷಣ ಪ್ರತ್ಯಾಸತ್ತಿ ಎಂದು ಕರೆದು ಪ್ರತ್ಯಕ್ಷದಲ್ಲೇ ಸೇರಿಸುತ್ತಾರೆ. ಅದ್ವೈತಿ ಧರ್ಮರಾಜ ಅಧ್ವರೀಂದ್ರನ ‘ವೇದಾಂತ ಪರಿಭಾಷೆ’ ಇದನ್ನು ಒಪ್ಪದೆ, ಕೊರಡಿನ ಅಂಶದಲ್ಲಿ ಆ ಅರಿವು ಅಪರೋಕ್ಷ, ಅಂದರೆ ನೇರವಾದದ್ದು, ಪರಿಮಳದ ಅಂಶದಲ್ಲಿ ಪರೋಕ್ಷ ಎಂದು ವಿಭಾಗಿಸುತ್ತದೆ. ದೋಣಿಯ ಕಾರ್ಯಾಗಾರಕ್ಕೆ ಈ ವಿವಾದವನ್ನು ತಂದರೆ ಎರಡು ಪಕ್ಷಗಳೂ ಸಲ್ಲುತ್ತವೆ, ಆದರೆ ಬೇರೆ ಬೇರೆ ವ್ಯಕ್ತಿಗಳಿಗೆ. ಹೊಸಬನು ಗಂಟನ್ನೂ ಎಳೆಯ ತಿರುವನ್ನೂ ನೋಡಿ, ಕೇಳಿದ ನಿಯಮವನ್ನು ನೆನೆದು, ಬಾಗಿಸಿದರೆ ಇಲ್ಲಿ ಸೀಳುತ್ತದೆಂದು ಊಹಿಸುತ್ತಾನೆ. ಅವನಿಗೆ ಸೀಳು ಪರೋಕ್ಷವೇ. ಪಳಗಿದವನಿಗೆ ಹಲಗೆಯು ಸೀಳಲಿರುವ ಹಲಗೆಯಾಗಿಯೇ ಕಣ್ಣಿಗೆ ಬೀಳುತ್ತದೆ. ವೃತ್ತಿ ತರಬೇತಿ ಎಂಬುದು ಈ ಮೊದಲ ಸ್ಥಿತಿಯಿಂದ ಎರಡನೆಯದಕ್ಕೆ ನಡೆಯುವ ದಾರಿ. ಗುರುವಿನ ಮಾತು, ಅಂದರೆ ಶಬ್ದಪ್ರಮಾಣ, ಶಿಷ್ಯನನ್ನು ಊಹೆಯವರೆಗೆ ಮಾತ್ರ ಒಯ್ಯಬಲ್ಲುದು, ಮುಂದಿನ ನಡೆ ಅಭ್ಯಾಸದ್ದು.

ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಗೆ ಸಮನಾಗಿಸಿದಾಗ, ಅಂಬಿಗರ ಚೌಡಯ್ಯನಂಥವರು ತಮ್ಮ ವೃತ್ತಿಯ ಪರಿಭಾಷೆಯಲ್ಲೇ ತತ್ತ್ವವನ್ನು ನುಡಿದಾಗ, ದುಡಿಮೆಯ ಘನತೆಯ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ದೊರೆಯಿತು. ದುಡಿಯುವ ಕಣ್ಣು ಏನನ್ನು ಅರಿಯುತ್ತದೆಂಬ ಪ್ರಶ್ನೆಗೂ ಅಷ್ಟೇ ಗೌರವ ಸಲ್ಲಬೇಕು; ಕೈಕೆಲಸದ ಶಿಕ್ಷಣವನ್ನು ಓದಿನಲ್ಲಿ ಹಿಂದುಳಿದವರ ಪಾಲೆಂದು ಬಗೆಯುವ ನಮ್ಮ ರೂಢಿಯ ಹಿಂದೆ ಈ ಪ್ರಶ್ನೆಯನ್ನು ಕೇಳದ ಉದಾಸೀನವೂ ಇದೆ.

ಗುರುವೇ ಇಲ್ಲದ ಕಡೆ ಈ ವಿಚಾರ ಇನ್ನಷ್ಟು ಜಟಿಲವಾಗುತ್ತದೆ. ಡೆನ್ಮಾರ್ಕಿನ ರೋಸ್ಕಿಲ್ಡ ಬಳಿ 1962ರಲ್ಲಿ ಮೇಲೆತ್ತಿದ ವೈಕಿಂಗ್ ಕಾಲದ ಸ್ಕುಲ್ಡೆಲೆವ್ ನೌಕೆಗಳಲ್ಲಿ, ಡಬ್ಲಿನ್ ಪರಿಸರದಲ್ಲಿ 1042ರಲ್ಲಿ ಓಕ್ ಮರದಿಂದ ಕಟ್ಟಿದ ಯುದ್ಧನೌಕೆಯ ಅವಶೇಷವೂ ಇತ್ತು. ಅದರ ಪ್ರತಿಕೃತಿಯನ್ನು 2000ದಿಂದ 2004ರವರೆಗೆ ಅಲ್ಲಿನ ವೈಕಿಂಗ್ ನೌಕಾ ಸಂಗ್ರಹಾಲಯದ ಬಡಗಿಗಳು ದಿಮ್ಮಿಗಳನ್ನು ಬೆಣೆಯಿಂದ ಸೀಳಿ, ಕೊಡಲಿಯಿಂದ ಕೆತ್ತಿ ಕಟ್ಟಿದರು. ಹಳೆಯ ಮರದಲ್ಲಿ ಉಳಿದ ಉಪಕರಣದ ಗುರುತುಗಳು ಅವರಿಗೆ ಮೊದಲು ಲಿಂಗಗಳು, ಅಂದರೆ ಅನುಮಾನಕ್ಕೆ ಆಧಾರವಾದ ಚಿಹ್ನೆಗಳು, ಆಗಿದ್ದವು. ಅಂಥದೇ ಗುರುತನ್ನು ಹೊಸ ಓಕ್ ಮೇಲೆ ತಾನೇ ಮೂಡಿಸಬಲ್ಲವನಿಗೆ ಅವು ಬರಿಯ ಚಿಹ್ನೆಗಳಾಗಿ ಉಳಿಯದೆ ಏಟಿನ ಓರೆಯಾಗಿ, ಅಲಗಿನ ಬಾಗಾಗಿ ಕಾಣತೊಡಗುತ್ತವೆ ಎನ್ನಲು ನೈಯಾಯಿಕರ ಸಿದ್ಧಾಂತ ಅವಕಾಶ ಕೊಡುತ್ತದೆ, ಏಕೆಂದರೆ ಅಲ್ಲಿ ಬೇಕಾಗುವುದು ಸಂಸ್ಕಾರವೇ ಹೊರತು ಆ ಸಂಸ್ಕಾರವನ್ನು ಕೊಟ್ಟ ಗುರು ಜೀವಂತನಾಗಿರುವುದಲ್ಲ.